ತೊಟ್ಟಿಲಲ್ಲಿ ತೂಗಿದ ಪೆಟ್ರೋಲು ಟ್ಯಾಂಕು

ಕುದ್ರೋಳಿ, ಮಂಗಳೂರು
ತಾ. 18 ಮಾರ್ಚ್ 1946

ನನ್ನ ಪ್ರೀತಿಯ ಇವರಿಗೆ,

ನಿಮ್ಮ ವಾರಿಜ ಮಾಡುವ ನಮಸ್ಕಾರಗಳು. ದೇಹ ಹೇಗುಂಟು? ಕೆಮ್ಮು ಬಿಟ್ಟಿತೋ? ಆ ಕಡೆಯ ನೀರು ಆಗಿಬರುವುದಿಲ್ಲ ಎಂದು ಮಲಯದಿಂದ ಬರೆದಿದ್ದಿರಿ, ಕಾಯಿಸಿ ಕುಡಿಯಿರಿ. ಅದು ನಿಮ್ಮ ಕೊನೆಯ ಕಾಗದ, ನಾಲ್ಕು ವರ್ಷದ ಹಿಂದಿನದು. ಆದರೂ ಆರೋಗ್ಯ ಕೇಳದೆ ಸುದ್ದಿ ಬರೆಯಲು ನನಗೆ ಬರುವುದಿಲ್ಲ. ನಿಮ್ಮ ಹೆಸರು ಬರೆಯಲೂ ಬರುವುದಿಲ್ಲ, ಅಂಚೆಯವನಿಗೆ ಬೇಕೆಂದು ಲಕೋಟೆಯ ಮೇಲೆ ಮಾತ್ರ ಬರೆಯುತ್ತೇನೆ. ಇದನ್ನೂ ಹಳೆಯ ಮಿಲಿಟರಿ ವಿಳಾಸಕ್ಕೇ ಹಾಕುವವಳು. ಹಿಂದಿನವೆಲ್ಲ ಮುದ್ರೆ ಒತ್ತಿಸಿಕೊಂಡು ತಿರುಗಿ ಬಂದಿವೆ. ಅತ್ತೆಗೆ ಮೊಣಕಾಲು ಸೋತಿದೆ, ಬಾಯಿ ಸೋತಿಲ್ಲ.

ಬೊನಿಫಾಸ್ ಕ್ರಿಸ್ಮಸ್ಸಿಗೆ ಊರಿಗೆ ಬಂದ. ನಿಮ್ಮ ಜೊತೆಗೇ ಮಿಲಿಟರಿ ಲಾರಿ ಓಡಿಸಲು ಹೋದವನು, ಸಿಂಗಾಪುರದಲ್ಲಿ ನಿಮ್ಮ ಜೊತೆಗೇ ಸೆರೆ ಸಿಕ್ಕಿದವನು, ಬಂದದ್ದು ಒಬ್ಬನೇ. ಕೈದಿಗಳನ್ನು ತುಂಬಿದ ಹಡಗೊಂದಕ್ಕೆ ನಿಮ್ಮನ್ನು ಹತ್ತಿಸಿದರಂತೆ, ಆ ಹಡಗು ಯಾವ ದಡವನ್ನೂ ಮುಟ್ಟಲಿಲ್ಲವಂತೆ. ಮುಳುಗಿದ್ದನ್ನು ನೀನು ಕಂಡೆಯಾ ಎಂದು ಅತ್ತೆ ಕೇಳಿದರು. ಇಲ್ಲ ಎಂದ. ಹಾಗಾದರೆ ಚಹಾ ಕುಡಿ ಎಂದರು. ಅಂದಿನಿಂದ ನಿಮ್ಮ ಬೋಜ ಮಾವನದು ಒಂದೇ ರಾಗ. ಅತ್ತೆಯ ಅಣ್ಣ, ಮನೆಗೆ ಯಜಮಾನ, ಅವರ ಮಾತು ತೆಗೆದುಹಾಕುವ ಹಾಗಿಲ್ಲ ನೋಡಿ. ಉತ್ತರಕ್ರಿಯೆಯ ಬೊಜ್ಜ ಮಾಡಿ, ಬಾಗಿಲು ತೆರೆದು, ಹೆಸರು ಹಿಡಿದು ಒಳಗೆ ಕರೆಯದಿದ್ದರೆ ಸತ್ತ ಜೀವ ಹಿರಿಯರ ಜೊತೆ ಸೇರಲಾರದೆ ಹೊರಗೇ ಅಲೆಯುತ್ತದೆ ಎನ್ನುತ್ತಾರೆ. ಸತ್ತ ಜೀವ ಎಂದದ್ದೇ ಅತ್ತೆ ಎದ್ದು ಒಳಗೆ ಹೋದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೊದಲು ಇವರ ಬಾಡಿಗೆ ಗಾಡಿ ಓಡುವ ಹಾಗಾಗಲಿ, ಉಳಿದದ್ದು ಆಮೇಲೆ ನೋಡುವ ಎಂದುಬಿಟ್ಟೆ. ತುಕ್ಕು ಹಿಡಿದ ಗಾಡಿ ಇಷ್ಟು ಬೇಗ ಎಲ್ಲಿ ಓಡುತ್ತದೆ ಎಂಬ ಧೈರ್ಯ ನನ್ನದು. ಅದು ಕೆಟ್ಟು ಕೂತಿರುವಷ್ಟು ದಿನ ನೀವು ಬದುಕಿರುತ್ತೀರಿ ಎಂದು ನನ್ನ ಲೆಕ್ಕ.

ನಿಮ್ಮ ಆಸ್ಟಿನ್ ಕಾರು ನೀವು ನಿಲ್ಲಿಸಿದಲ್ಲೇ, ತೆಂಗಿನ ಮಡಲಿನ ಕೊಟ್ಟಿಗೆಯಲ್ಲೇ ಇತ್ತು. ಪೆಟ್ರೋಲಿಗೆ ಕೂಪನ್ ಬಂದು ಬಾಡಿಗೆ ಓಟ ನಿಂತಾಗ ಟ್ಯಾಂಕನ್ನು ಬರಿದು ಮಾಡಿ ಹೋಗಿದ್ದಿರಿ. ಖಾಲಿ ಟ್ಯಾಂಕು, ಅದರ ಮೇಲೆ ಕಡಲ ಗಾಳಿ. ಬಂದರಿನ ನಿಮ್ಮ ಸ್ನೇಹಿತ ಅಬ್ದುಲ್ಲ ಮುಚ್ಚಳ ತೆಗೆದು ಮೂಸಿ, "ಎಂತದು ವಾರಿಜಕ್ಕಾ, ಇದರಲ್ಲಿ ಕೆಮ್ಮಣ್ಣೇ ಉಂಟಲ್ಲ" ಎಂದ. ಬಿಂಬುಳಿ ಕಾಯಿಯ ಹುಳಿ ಹಿಂಡಿದ ಬಿಸಿನೀರಿಗೆ ಹೊಳೆಯ ಸಣ್ಣ ಕಲ್ಲು ಸೇರಿಸಿ ಟ್ಯಾಂಕಿಗೆ ಹೊಯ್ದು, ಒಳಗಿನ ತುಕ್ಕು ಕಳಚಿ ಬರುವವರೆಗೆ ಕುಲುಕಬೇಕಂತೆ. ನಾನೂ ಅವನೂ ಆಚೆ ಈಚೆ ಹಿಡಿದು ಕುಲುಕಿ ತೋಳು ಬಿದ್ದುಹೋಯಿತು. ಜಗಲಿಯಿಂದ ನೋಡುತ್ತಿದ್ದ ಅತ್ತೆ, ಅಟ್ಟದಿಂದ ತೊಟ್ಟಿಲು ಇಳಿಸಿ ಎಂದರು.

ನಿಮ್ಮನ್ನು ತೂಗಿದ ಅದೇ ಹಲಸಿನ ಮರದ ತೊಟ್ಟಿಲು. ನಮ್ಮ ಮದುವೆಯಾದ ವರ್ಷ ಅತ್ತೆ ಅದಕ್ಕೆ ಎಣ್ಣೆ ಹಚ್ಚಿ ಕಾದು ಕೂತಿದ್ದರು, ನೀವು ಮಗುವಿಗೇನು ಅವಸರ ಎಂದು ನಗಾಡಿ ಯುದ್ಧಕ್ಕೆ ಹೋದಿರಿ. ಮಗುವಿಲ್ಲದೆ ತೊಟ್ಟಿಲು ತೂಗಬಾರದು, ಅಪಶಕುನ ಎಂದು ನನ್ನನ್ನು ಗದರಿದವರೂ ಅವರೇ. ಈಗ ಅವರೇ ಟ್ಯಾಂಕಿಗೆ ಹಳೆಯ ಸೀರೆ ಸುತ್ತಿ ಅದರಲ್ಲಿ ಮಲಗಿಸಿ, ಹಗ್ಗ ಹಿಡಿದು ಕೂತರು. ಕಲ್ಲುಗಳು ಒಳಗೆ ಜರಜರ ಎನ್ನುತ್ತಿದ್ದವು. ನೀರು ಹೊರಗೆ ಚೆಲ್ಲಿ ಹೊಸತು ಹೊಯ್ದ ಹಾಗೆ ಕೆಂಪು ಬಣ್ಣ ತೆಳುವಾಗುತ್ತಾ ಬಂತು. ಸಾಕು ಎಂದ ಅಬ್ದುಲ್ಲ. ಇನ್ನೊಂದು ಸ್ವಲ್ಪ ಎಂದರು ಅತ್ತೆ. ಮರುದಿನವೂ ತೂಗಿದರು, ಅದರ ಮರುದಿನವೂ. ನೀರು ತಿಳಿಯಾಗಿಯೇ ಬರುತ್ತಿತ್ತು. ನಾನೂ ಸಾಕು ಎನ್ನಲಿಲ್ಲ. ತೊಟ್ಟಿಲು ನಿಂತರೆ ಮುಂದಿನದು ಏನೆಂದು ಇಬ್ಬರಿಗೂ ಗೊತ್ತಿತ್ತು.

ಕಡೆಗೆ ಅಬ್ದುಲ್ಲನೇ ಎತ್ತಿಕೊಂಡು ಹೋದ. ತುಕ್ಕು ಕಳಚಿದ ತಳವನ್ನು ಬಿಸಿಲಿಗೆ ಹಿಡಿದರೆ ಸೂಜಿಮೊನೆಯಂಥ ತೂತುಗಳ ಜರಡಿ. ಪೆಟ್ರೋಲಿನ ಹವೆ ಉಳಿದರೆ ಬೆಂಕಿ ತಾಗಿದ್ದೇ ಸಿಡಿಯುತ್ತದೆಂದು ಮತ್ತೆ ಮತ್ತೆ ಕುದಿನೀರು ಹೊಯ್ದು ತೊಳೆದು, ತವರದ ಬೆಸುಗೆ ಹಾಕಿದ. ಗಾಡಿ ಇಷ್ಟು ಬೇಗ ಹೊರಡಬಾರದಿತ್ತು. ಶನಿವಾರ ಸಂಜೆ ಅದು ಕೆಮ್ಮಿತು, ಉಗುಳಿತು, ಹೊರಟಿತು. ಅಬ್ದುಲ್ಲ ಅದನ್ನು ಒಂದು ಸುತ್ತು ಓಡಿಸಿ ತಿರುಗಿ ಬರುವಾಗ, ಪಾಪ, ಅವನಿಗೇನು ಗೊತ್ತು, ಓಣಿಯ ತಿರುವಿನಲ್ಲಿ ರಬ್ಬರು ಹಾರ್ನು ಒತ್ತಿದ. ನೀವು ದಿನಾ ಒತ್ತುತ್ತಿದ್ದ ಜಾಗದಲ್ಲೇ. ಅತ್ತೆ ಒಲೆಯ ಮುಂದಿದ್ದರು. ಮೊಣಕಾಲಿನ ನೋವೆಲ್ಲ ಎಲ್ಲಿ ಹೋಯಿತೋ, ಓಡಿಬಂದು ಎರಡೂ ಬಾಗಿಲು ತೆರೆದು, "ಸುಂದರಾ, ಬಲ ಮಗಾ, ಉಲಾಯಿ ಬಲ" ಎಂದು ನಿಮ್ಮ ಹೆಸರು ಹಿಡಿದೇ ಕೂಗಿದರು. ಗಾಡಿಯಿಂದ ಅಬ್ದುಲ್ಲ ಇಳಿದ. ಒಳಗೆ ಬಾ ಮಗಾ ಎಂದು ಕರೆದ ಬಾಯಿ ಹಾಗೇ ತೆರೆದಿತ್ತು. ಬೊಜ್ಜದ ದಿನ ಕರೆಯುವುದೂ ಅದೇ ಮಾತಿನಲ್ಲಿ ಎಂಬುದು ಅವರಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಹೊಸ್ತಿಲಲ್ಲೇ ಕೂತುಬಿಟ್ಟರು. ನಾನು ಅವರನ್ನು ಅಪ್ಪಿ ಹಿಡಿದುಕೊಂಡೆ. ಈ ನಾಲ್ಕು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಬೊನಿಫಾಸ್ ನಿಮಗೆ ಪ್ರೀತಿ ಹೇಳಿದ್ದಾನೆ, ಅಬ್ದುಲ್ಲ ಸಲಾಂ ಹೇಳಿದ್ದಾನೆ, ಅತ್ತೆಯ ಆಶೀರ್ವಾದ ಯಾವಾಗಲೂ ಉಂಟು. ನಿಮ್ಮ ಕಾಲಿಗೆ ಬೀಳುತ್ತೇನೆ.

ಇಂತು ನಿಮ್ಮವಳೇ ಆದ
ವಾರಿಜಾಕ್ಷಿ

ವಿ.ಸೂ.: ಅಂಚೆ ಎತ್ತುವ ಹೊತ್ತಾಯಿತು. ನಿನ್ನೆ ಅತ್ತೆ ತಾವಾಗಿಯೇ ಬೋಜ ಮಾವನಿಗೆ ಒಪ್ಪಿಗೆ ಕೊಟ್ಟರು. ಬರುವ ಭಾನುವಾರ ನಿಮ್ಮ ಬೊಜ್ಜ. ಬಾಗಿಲಲ್ಲಿ ನಿಂತು ಅತ್ತೆಯೇ ಕರೆಯುತ್ತಾರೆ. ನೀವು ಬದುಕಿದ್ದರೆ ಆ ಕರೆಗೆ ಓಗೊಡಬೇಡಿ, ತಡವಾದರೂ ನಡೆದೇ ಬನ್ನಿ, ಗಾಡಿ ತಯಾರುಂಟು. ಇಲ್ಲವಾದರೆ ಹೊರಗೆ ನಿಲ್ಲಬೇಡಿ. ಅವರು ಕರೆದ ಕೂಡಲೇ ಒಳಗೆ ಬನ್ನಿ, ನಾನು ಬಾಗಿಲ ಹಿಂದೆಯೇ ಇರುತ್ತೇನೆ.