ಅವ್ವನ ಮಂಚದ ಬಳಿಯಿಂದ

ತಾಂಡೂರು, ಫಸಲಿ ಸನ್ ೧೩೫೨

ಅಣ್ಣ ಶಿವರಾಯನಿಗೆ ತಂಗಿ ಸುಭದ್ರಮ್ಮನ ಶರಣು.

ಲಕ್ವಾ ಹೊಡೆದ ಅವ್ವನನ್ನು ನೀನು ಬಿಟ್ಟುಹೋದ ಧರ್ಮದ ದವಾಖಾನೆಗೆ ಇಂದು ಬೆಳಗ್ಗೆ ಬಂದೆ. ಆರೈಕೆ ಹೇಗಿದೆ ನೋಡಿ ಬರೆ ಎಂದಿದ್ದೆಯಲ್ಲ, ಬರೆಯುತ್ತಿದ್ದೇನೆ.

ನೆಲ ಗುಡಿಸಿದ್ದರು, ಚಾದರ ಬೆಳ್ಳಗಿತ್ತು. ಆದರೆ ಅವ್ವನಿಗೆ ಏನು ಕೇಳಿದರೂ ಆಯಾ ಚಂದ್ರಾಬಾಯಿಯೇ ಉತ್ತರ ಕೊಟ್ಟಳು: “ಉಂಡಾರ್ರಿ, ಆರಾಮ ಅದಾರ್ರಿ.” ಬಿಸಿನೀರು ಬೇಕೆಂದು ಆಕೆಯನ್ನು ಹೊರಗೆ ಕಳಿಸಿ, ಅವ್ವನನ್ನು ಮಗ್ಗುಲಿಗೆ ಹೊರಳಿಸಿದೆ. ಅಣ್ಣ, ಬೆನ್ನ ತುಂಬ ಹುಣ್ಣು. ಸೀರೆ ಅದಕ್ಕೆ ಅಂಟಿಕೊಂಡಿತ್ತು.

ಜಗಳ ತೆಗೆಯಲು ನಾನು ಎದ್ದಾಗ ಅವ್ವ ಕೈ ಹಿಡಿದಳು. “ಸುಮ್ಕಿರು ಮಗಾ. ನೀ ಹೋದ ಮ್ಯಾಲ ನನಗ ನೀರೂ ಕೊಡಾಂಗಿಲ್ಲ,” ಎಂದು ತೊದಲಿದಳು.

ಅದಕ್ಕೇ ನಾನು ಹೋಗಿಲ್ಲ. “ಹೊತ್ತಾತು, ಏಳ್ರಿ” ಎಂದು ಚಂದ್ರಾಬಾಯಿ ಎರಡು ಸಲ ಹೇಳಿದಳು. ಮಂಚದ ಮೇಲೆಯೇ ಕುಳಿತು ಇದನ್ನು ಬರೆದು, ನಮ್ಮೂರಿಗೆ ಹೊರಟಿರುವ ಅಂಜಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ. ಅತ್ತಿಗೆ ಏನೆನ್ನುವಳೋ ಎಂದು ಯೋಚಿಸುತ್ತ ಕೂರಬೇಡ. ಗಾಡಿಗೆ ದಪ್ಪಗೆ ಹುಲ್ಲು ಹಾಸಿ, ಮೇಲೆ ಎರಡು ಕಂಬಳಿ ಹಾಕಿಕೊಂಡು ನಾಳೆಯೇ ಬಾ.

ನೀನು ಬರುತ್ತೀ ಎಂದು ಅವ್ವನಿಗೆ ಹೇಳಿಬಿಟ್ಟಿದ್ದೇನೆ. ಆಗಿನಿಂದ ಬಾಗಿಲ ಕಡೆಯೇ ನೋಡುತ್ತ ಮಲಗಿದ್ದಾಳೆ.

ನಿನ್ನ ತಂಗಿ,
ಸುಭದ್ರಮ್ಮ