ಮೂರು ಸಲ ಹೇಳಿಕೊಂಡದ್ದು

ಮಾರ್ಚ್ ೩, ೨೦೦೩. ಬೆಳಿಗ್ಗೆ ೫.೩೦

ಮಹಾಜನಗಳೇ! ಚಾಪೆ ಹಿಡಿದ ತಾಯಂದಿರೇ, ಹಿಂದೆ ಬೀಡಿ ಹಚ್ಚಿ ನಿಂತವರೇ! ದೊಡ್ಡಮುನಿಯಪ್ಪ ರಂಗಕ್ಕೆ ಬಂದಿದ್ದಾನೆ, ಸದ್ದು ಮಾಡಬೇಡಿ!

ಯಾರೂ ಇಲ್ಲ. ಕ್ವಾರ್ಟರ್ಸ್‌ನ ನಾಲ್ಕು ಗೋಡೆ. ಹೀಗೆ ಒಮ್ಮೆ ಕೂಗದೆ ಬರೆಯಲು ಕೈ ಓಡುವುದಿಲ್ಲ.

ದಿನಾ ಆರಕ್ಕೆ ಆಫೀಸಿನಿಂದ ಹಾಳೆ ಬರುತ್ತದೆ. ಮೂರು ಸಲ ಗಟ್ಟಿಯಾಗಿ ಹೇಳಿಕೊಂಡು ಏಳಕ್ಕೆ ಮೈಕಿನಲ್ಲಿ ಓದಬೇಕು. ಕೊನೆಯ ಸಾಲನ್ನು ಇನ್ನೂರು ಕೆಲಸಗಾರರು ಒಟ್ಟಿಗೆ ತಿರುಗಿ ಹೇಳಬೇಕು. ಹಾರೋಹಳ್ಳಿಯ ಈ ಬೊಂಬೆ ಫ್ಯಾಕ್ಟರಿಯಲ್ಲಿ ನನ್ನ ಪಾತ್ರ ಇಷ್ಟೇ. ಇಂಟರ್‌ವ್ಯೂನಲ್ಲಿ ನಾನೇ ಜಂಬ ಕೊಚ್ಚಿದ್ದೆ: ನಾಟಕದ ಹಾರ್ಮೋನಿಯಂ ಮೇಷ್ಟ್ರು ಕಲಿಸಿದ ವಿದ್ಯೆ ಸಾರ್, ಮೂರು ಸಲ ಬಾಯಲ್ಲಿ ಆಡಿದರೆ ಅದು ನನಗೆ ನಿಜವೇ ಆಗಿಬಿಡುತ್ತದೆ, ರಾಜ ಅಂದರೆ ರಾಜನೇ. ಮ್ಯಾನೇಜರ್ ಬರೆದುಕೊಂಡರು.

ನಿನ್ನೆ ಎರಡನೇ ಲೇತ್ ಮೆಷಿನ್ನಿನ ಗೆಳೆಯ ನಿಯಾಜ್ ಒಂದು ಬುಗುರಿ ಕೊಟ್ಟ. ಚನ್ನಪಟ್ಟಣದ ಕೈ. ಕೆಂಪು ಅರಗು ಕನ್ನಡಿಯ ಹಾಗೆ ಹೊಳೆಯುತ್ತದೆ. “ಮೈಕ್ ಯಾಕ್ಲಾ ನಿಂಗೆ? ಬರೀ ಬಾಯಲ್ಲಿ ಕೂಗಿದ್ರೂ ಸಾವನದುರ್ಗ ಎದ್ದು ಕೂತ್ಕತ್ತದೆ.”

ಮಾರ್ಚ್ ೭. ಸಂಜೆ

ಇನ್‌ಸ್ಪೆಕ್ಷನ್‌ಗೆ ಬಂದವರ ಎದುರು ನಿಯಾಜ್ ಹೇಳಿಬಿಟ್ಟ. ಮೆಷಿನ್ನಿಗೆ ಕವರ್ ಇಲ್ಲ, ಮೂವರ ಬೆರಳು ಹೋಗಿದೆ ಎಂದು. ಅವರ ಕಾರು ಹೋಗಿ ಅರ್ಧ ಗಂಟೆಗೆ ಇಬ್ಬರು ಸೆಕ್ಯೂರಿಟಿಯವರು ಅವನನ್ನು ಎಳೆದು ಜೀಪಿಗೆ ತುಂಬಿದರು. ಕ್ಯಾಂಟೀನ್ ಬಾಗಿಲಿಂದ ನೋಡಿದೆ. ಅಡುಗೆಯ ಯಲ್ಲಮ್ಮ ನನ್ನ ತೋಳು ಹಿಡಿದು ನಿಂತು ನೋಡಿದಳು. ನಿಯಾಜ್‌ನ ಒಂದು ಚಪ್ಪಲಿ ಅಲ್ಲೇ ಬಿತ್ತು.

ಮೂರು ಊರಿಗೆ ಕೇಳುವ ಗಂಟಲು ನನ್ನದು. ಕೆಮ್ಮಲೂ ಇಲ್ಲ.

ಮಾರ್ಚ್ ೮

ಹಾಳೆ: ನಿಯಾಜ್ ಕೆಲಸ ಬಿಟ್ಟು ನಗುನಗುತ್ತಾ ಹೋದ. ಮೂರು ಸಲ. ಆಮೇಲೆ ಮೈಕ್. ಇನ್ನೂರು ಗಂಟಲು: ನಗುನಗುತ್ತಾ ಹೋದ.

ಮುದ್ದೆ ಇಕ್ಕುವಾಗ ಯಲ್ಲಮ್ಮ ನನ್ನ ಮುಖ ನೋಡಲಿಲ್ಲ. “ನಾನೇ ಕಂಡೆ ಕಣಣ್ಣ. ನಗ್ತಾನೇ ಹೋದ.”

ಹೌದೇನೋ. ಹಲ್ಲು ಕಂಡ ಹಾಗಿತ್ತು...

ಮಾರ್ಚ್ ೧೯

ಹತ್ತು ದಿನದಿಂದ ಅದೇ ಸಾಲು: ನಿಯಾಜ್ ಎಂಬ ಹೆಸರಿನವರು ಇಲ್ಲಿ ಯಾವತ್ತೂ ಕೆಲಸ ಮಾಡಿಲ್ಲ. ಯಾಕೆ ಓದಿಸುತ್ತಾರೋ. ಇಲ್ಲದವನ ಸುದ್ದಿ ಯಾರಿಗೆ ಬೇಕು? ಗಂಟಲು ಚೆನ್ನಾಗಿದೆ. ಊಟಕ್ಕೆ ಹುರುಳಿಸಾರು.

ಮಾರ್ಚ್ ೨೧. ಮಧ್ಯಾಹ್ನ

ಗೇಟಿನಲ್ಲಿ ಒಬ್ಬ ಹೆಂಗಸು, ಹಫೀಜಾ ಅಂತೆ. ಗಂಡ ನಿಯಾಜ್ ಎಲ್ಲಿ ಎಂದು ಮೂರು ದಿನದಿಂದ ಕೇಳುತ್ತಿದ್ದಾಳಂತೆ. ಅವಳಿಗೆ ಹೇಳಿ ಕಳಿಸಲು ನನ್ನನ್ನು ಕರೆದರು. ತುಂಬು ಕಂಠದಲ್ಲಿ ಹೇಳಿದೆ: ಅಂಥವನು ಇಲ್ಲಿರಲಿಲ್ಲ ತಾಯಿ. ಸುಳ್ಳು ಹೇಳುತ್ತಿದ್ದೇನೆ ಅನ್ನಿಸಲೇ ಇಲ್ಲ.

ಅವಳು ಅಳಲಿಲ್ಲ. “ಅಣ್ಣಾ, ರಂಜಾನ್‌ಗೆ ನಮ್ಮನೇಲಿ ಕೂತು ಶೀರ್ ಕುರ್ಮ ಪಾಯಸ ತಿಂದ್ರಲ್ಲ. ಇನ್ನೊಸಿ ಹಾಕಮ್ಮ ಅಂದ್ರಲ್ಲ.”

ಯಾರೋ ಪಾಪ ಅಂದುಕೊಂಡು ವಾಪಸು ಬಂದೆ.

ಅದೇ ದಿನ, ೪ ಗಂಟೆ

ಟ್ರಂಕಿನಲ್ಲಿ ಅಂಗಿ ಹುಡುಕುವಾಗ ಬುಗುರಿ ಸಿಕ್ಕಿತು. ಕೆಂಪು. ಯಾರದು? ಈ ಪುಸ್ತಕ ಹಿಂದಕ್ಕೆ ತಿರುವಿದೆ. ಮಾರ್ಚ್ ೭. ಅಕ್ಷರ ನನ್ನದು. ಜೀಪು. ಚಪ್ಪಲಿ. ಓದಿದೆ, ನೆನಪಾಗಲಿಲ್ಲ. ಓದಿದ್ದಕ್ಕಿಂತ ನೆನಪಾಗದ್ದಕ್ಕೆ ಹೆಚ್ಚು ಹೆದರಿದೆ.

ಯಾರೂ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಬಾಯಿಂದಲೇ ನನ್ನ ಗೆಳೆಯನನ್ನು ಒರೆಸಿದರು. ಹೇಗೆ ಒರೆಸಬೇಕೆಂದು ಹೇಳಿಕೊಟ್ಟವನೂ ನಾನೇ.

ಸಂಜೆ ೬

ನಾಳೆಯ ಹಾಳೆ ಇವತ್ತೇ ಬಂತು: ಹಫೀಜಾಗೆ ತಲೆ ಕೆಟ್ಟಿದೆ, ಅವಳಿಗೆ ಗಂಡನೇ ಇರಲಿಲ್ಲ. ಕೊಟ್ಟವನು ಬಾಗಿಲಲ್ಲೇ ನಿಂತ, ಹೇಳಿಕೊಳ್ಳುವುದು ಕೇಳಿಸಿಕೊಂಡು ಹೋಗಬೇಕಂತೆ. ಗಂಟಲು ಕಟ್ಟಿದೆ ಅಂದೆ. ಕೆಮ್ಮಿ ತೋರಿಸಿದೆ. ನಕ್ಕ, ಹೋದ. ನಂಬಿದನೋ ಇಲ್ಲವೋ.

ಬಾಗಿಲು ಹಾಕಿ ಹಾಳೆಯ ಬದಲು ಮಾರ್ಚ್ ೭ನ್ನು ಹೇಳಿಕೊಂಡೆ. ಪಿಸುದನಿಯಲ್ಲಿ. ಒಂದು. ಎರಡು. ಮೂರನೆಯ ಸಲ ಶೀರ್ ಕುರ್ಮದ ಏಲಕ್ಕಿ ನಾಲಿಗೆಗೆ ಬಂತು. ನಿಯಾಜ್‌ನ ಮುಖ ಬಂತು. ನಗುತ್ತಿರಲಿಲ್ಲ.

ಭಯವಾಗುತ್ತಿದೆ. ಉಚ್ಚೆ ಹೊಯ್ದುಕೊಳ್ಳುವಷ್ಟು. ಮೊದಲ ಸಲ ಬಣ್ಣ ಹಚ್ಚಿದಾಗಲೂ ಹೀಗಾಗಿರಲಿಲ್ಲ. ಆದರೆ ಕೊನೆಯ ಸಾಲನ್ನು ಇನ್ನೂರು ಜನ ತಿರುಗಿ ಹೇಳಲೇಬೇಕಲ್ಲ, ಅದು ಅವರೇ ಮಾಡಿದ ರೂಲ್ಸು. ಹಫೀಜಾ ದಿನಾ ಏಳಕ್ಕೇ ಗೇಟಿಗೆ ಬರುತ್ತಾಳೆ. ನಾಳೆ ಬೆಳಿಗ್ಗೆ ಹಾಳೆ ಮಡಚಿ ಜೇಬಿಗಿಟ್ಟು, ಬುಗುರಿ ಮುಷ್ಟಿಯಲ್ಲಿ ಹಿಡಿದು, ಮೈಕ್ ಮುಂದೆ ನಿಂತು, ಗೇಟಿನಾಚೆಗೂ ಕೇಳುವ ಹಾಗೆ ಹೇಳುತ್ತೇನೆ: ನಿಯಾಜ್, ಚನ್ನಪಟ್ಟಣದವನು, ಇಲ್ಲೇ, ಎರಡನೇ ಲೇತ್ ಮೇಲೆ ಕೆಲಸ ಮಾಡುತ್ತಿದ್ದ.