ಬಚ್ಚಲ ಬಾಗಿಲ ಚಪ್ಪಲಿ

ರೀ, ನೀವು ಫೋನ್ ಎತ್ತಲಿಲ್ಲ, ಅದಕ್ಕೇ ಈ ಚೀಟಿ.

ಅತ್ತೆ ಬಿಸಿನೀರಿನ ನಲ್ಲಿ ತಿರುಗಿಸಲು ಹೋಗಿ ಶಾಕ್ ಹೊಡೆದು ಬಿದ್ದಿದ್ದಾರೆ. ಕೈ ಮುರಿದಂತಿದೆ. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೊರಟಿದ್ದೇವೆ. ಅತ್ತೆಯ ಕನ್ನಡಕ ತನ್ನಿ.

ಮೇನ್ ಆಫ್ ಮಾಡಿದ್ದೇನೆ. ಕತ್ತಲಾದರೂ ಹಾಗೇ ಇರಲಿ, ಗೀಸರ್ ಹತ್ತಿರ ಸುಳಿಯಬೇಡಿ.

ಅದನ್ನು ಕೂರಿಸುವಾಗ, ಗೋಡೆಯಲ್ಲಿ ಅರ್ಥಿಂಗ್ ಇಲ್ಲವೆಂದು ಅದರ ಹಸಿರು ಅರ್ಥ್ ವೈರ್ ಮಡಚಿ ಟೇಪ್ ಸುತ್ತಿದಿರಿ. "ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ, ಏನೂ ಆಗಲ್ಲ" ಅಂದಿರಿ. ಎಲೆಕ್ಟ್ರಿಷಿಯನ್ ಕರೆಸಿ ಎಂದು ನಾನು ಬಡಿದುಕೊಂಡಿದ್ದೇ ಬಂತು. ಇನ್ನು ಬಡಿದುಕೊಳ್ಳುವ ಶಕ್ತಿ ನನಗಿಲ್ಲ.

ಅತ್ತೆ ನಿಮ್ಮನ್ನು ಬೈಯುತ್ತಲೂ ಇಲ್ಲ. ನರಳುತ್ತಲೇ ಹೇಳುತ್ತಿದ್ದಾರೆ: "ಅವನಿಗೇನೂ ಅನ್ಬೇಡ ಕಣೇ. ತಪ್ಪು ನಂದೇ, ಚಪ್ಪಲಿ ಹಾಕ್ಕೊಳ್ಳೋದು ಮರೆತೆ."